ಟಕ್ ಅನ್ನುತ್ತೆ, ಸೆಲ್ಫ್ ತಗೊಳ್ಳಲ್ಲ

ಕೀ ತಿರುಗಿಸಿದ್ರೆ 'ಟಕ್'. ಮತ್ತೆ ತಿರುಗಿಸಿದ್ರೆ ಮತ್ತೆ 'ಟಕ್'. ಲೈಟ್ ಉರಿಯುತ್ತೆ, ಹಾರನ್ ಕೂಗುತ್ತೆ, ಎಂಜಿನ್ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಕಾರಿಟ್ಟುಕೊಂಡವರಲ್ಲಿ ಈ ಶಬ್ದ ಕೇಳದವರು ಕಡಿಮೆ. ನಮ್ಮ ಕಡೆ ಇದಕ್ಕೆ 'ಸೆಲ್ಫ್ ತಗೊಳ್ತಿಲ್ಲ' ಅಂತೀವಿ. 'ಸೆಲ್ಫ್ ಸ್ಟಾರ್ಟರ್' ಅನ್ನೋದರ ಬಾಲ ಯಾವಾಗಲೋ ಉದುರಿಹೋಗಿ ಬರೀ ಸೆಲ್ಫ್ ಉಳಿದಿದೆ ನೋಡಿ. ನನಗೆ ಈ ಟಕ್ ಶಬ್ದದ ಬೇರು ಹುಡುಕೋ ಹುಚ್ಚು ಹತ್ತಿತು. ಅದು ಹೋಗಿ ಮುಟ್ಟಿದ್ದು ಒಂದು ಗಲ್ಲಾಪೆಟ್ಟಿಗೆಗೆ!

ಸೆಲ್ಫ್ ಬರೋ ಮುಂಚೆ ಇದ್ದಿದ್ದು ಹ್ಯಾಂಡಲ್. ಕಾರಿನ ಮೂತಿಗೆ ಕಬ್ಬಿಣದ ಹಿಡಿ ತೂರಿಸಿ ರಟ್ಟೆ ಬಲದಲ್ಲಿ ತಿರುಗಿಸಬೇಕಿತ್ತು. ಕಿಡಿ ಸ್ವಲ್ಪ ಬೇಗ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿಯೋದು ಆಗ ಎಷ್ಟು ಮಾಮೂಲಿ ಅಂದ್ರೆ, ಹೆಬ್ಬೆರಳನ್ನ ಹಿಡಿಯ ಸುತ್ತ ಹಾಕಬೇಡಿ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಿ ಅಂತ ಹೊಸಬರಿಗೆ ಮೊದಲು ಕಲಿಸುತ್ತಿದ್ದರು. ಈ ಹಿಂಸೆ ಬೇಡ ಅಂತಲೇ ಎಷ್ಟೋ ಜನ, ಮುಖ್ಯವಾಗಿ ಹೆಂಗಸರು, ಬ್ಯಾಟರಿ ಕಾರು ಕೊಳ್ಳುತ್ತಿದ್ದರು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಬ್ಯಾಟರಿ ಕಾರು. ಮನೆಯೊಳಗಿನ ರಾಜಕೀಯ ಏನಿತ್ತೋ :)

ಎಂಜಿನ್ ತಿರುಗಿಸೋಕೆ ವಿದ್ಯುತ್ ಮೋಟರ್ ಯಾಕೆ ಹಾಕಬಾರದು ಅನ್ನೋದು ಎಷ್ಟೋ ಜನರಿಗೆ ಹೊಳೆದಿತ್ತು. ಲೆಕ್ಕ ಹಾಕಿದ್ರೆ ಮೋಟರ್ರೂ ಬ್ಯಾಟರಿಯೂ ಕಾರಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತಿತ್ತು. ಇಲ್ಲಿ ಬರ್ತಾನೆ ಚಾರ್ಲ್ಸ್ ಕೆಟರಿಂಗ್, ಓಹಾಯೋದವನು. ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿದ್ದಾಗ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮೋಟರ್ ಕೂರಿಸಿದವನು. ಗಲ್ಲಾದ ಮೋಟರ್ ದಿನವಿಡೀ ತಿರುಗಬೇಕಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ನಿಂತರೆ ಸಾಕು. ಹಾಗಿದ್ರೆ ಪುಟ್ಟ ಮೋಟರಿಗೇ ಅದರ ಯೋಗ್ಯತೆ ಮೀರಿ ಕರೆಂಟ್ ಹರಿಸಿ, ಅದು ಸುಡೋ ಮುಂಚೆ ನಿಲ್ಲಿಸಿಬಿಟ್ಟರಾಯ್ತು! ಕಾರಿಗೂ ಇದೇ ಬುದ್ಧಿ ಓಡಿಸಿದ. 1911ರಲ್ಲಿ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲ್ಯಾಂಡ್ ಒಪ್ಪಿಕೊಂಡ. 1912ರ ಮಾದರಿ ಸೆಲ್ಫ್ ಹೊತ್ತು ಬಂತು. ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟರ್ ಡೈನಮೋ ಆಗಿ ಬ್ಯಾಟರಿ ತುಂಬುತ್ತಿತ್ತು. ಕೆಟರಿಂಗ್‌ಗೆ ಪೇಟೆಂಟ್ ಸಿಕ್ಕಿದ್ದು 1915ರಲ್ಲಿ. ಬ್ಯಾಟರಿ ಕಾರುಗಳು ಆ ಕಾಲದಲ್ಲಿ ಮೂಲೆ ಸೇರಿದ್ದಕ್ಕೆ ಈ ಬ್ಯಾಟರಿ ಮೋಟರ್ರೇ ಒಂದು ಕಾರಣ ಅನ್ನೋದು ಚೋದ್ಯ.

ನಮ್ಮ ಟಕ್ ಶಬ್ದದ ಗುಟ್ಟೆಲ್ಲ ಈ 'ಯೋಗ್ಯತೆ ಮೀರಿದ ಕರೆಂಟ್'ನಲ್ಲೇ ಇದೆ. ಎರಡು ಹೆಡ್‌ಲೈಟ್ ಸೇರಿ ಎಳೆಯೋದು ಸುಮಾರು 10 ಆಂಪಿಯರ್. ಸಣ್ಣ ಕಾರಿನ ಸೆಲ್ಫ್ ಎಳೆಯೋದು 150ರ ಆಸುಪಾಸು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿ 0.02 ಓಮ್ ಅಡ್ಡಿ ಆಯ್ತು ಅಂದುಕೊಳ್ಳಿ. ಲೈಟಿಗೆ ನಷ್ಟವಾಗೋದು 0.2 ವೋಲ್ಟ್, ಕಣ್ಣಿಗೇ ಕಾಣಲ್ಲ. ಸೆಲ್ಫ್‌ಗೆ ನಷ್ಟ 3 ವೋಲ್ಟ್! 'ಲೈಟ್ ಚೆನ್ನಾಗಿ ಉರೀತಿದೆ, ಬ್ಯಾಟರಿದೇನೂ ತೊಂದರೆ ಇಲ್ಲ' ಅನ್ನೋ ಮಾತು ನಂಬಬೇಡಿ ಅನ್ನೋದು ಇದಕ್ಕೇ.

ಇನ್ನು ಟಕ್ ಅನ್ನೋದು ಯಾರು? ಸೊಲೆನಾಯ್ಡ್, ಮೋಟರಿನ ಬೆನ್ನ ಮೇಲಿನ ಪುಟ್ಟ ಡಬ್ಬಿ. ಮೊದಲಿನ ಎಷ್ಟೋ ಕಾರುಗಳಲ್ಲಿ ನೆಲದ ಮೇಲಿನ ಗುಂಡಿಯನ್ನ ಕಾಲಲ್ಲಿ ತುಳಿದು ಸ್ಟಾರ್ಟ್ ಮಾಡುತ್ತಿದ್ದರು. ಕೀ ತಿರುಗಿಸಿದ್ರೆ ಸಾಕು ಅನ್ನೋ ಅನುಕೂಲ 1949ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. 150 ಆಂಪಿಯರ್ ಕೀ ಮೂಲಕ ಹರಿದ್ರೆ ಕೀ ಕರಗಿಹೋಗುತ್ತೆ. ಅದಕ್ಕೇ ಈ ದಲ್ಲಾಳಿ: ಸ್ವಲ್ಪ ಕರೆಂಟ್ ತಗೊಂಡು, ಹಲ್ಲುಚಕ್ರವನ್ನ ಎಂಜಿನ್ ಕಡೆ ತಳ್ಳಿ, ದೊಡ್ಡ ಕರೆಂಟಿನ ಬಾಗಿಲು ತೆರೆಯೋದು ಇವನ ಕೆಲಸ. ಟಕ್ ಅಂದ್ರೆ ದಲ್ಲಾಳಿ ಬಂದ, ಸರಕು ಬರಲಿಲ್ಲ ಅಂತ ಅರ್ಥ.

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಿ. ಟಕಟಕಟಕ ಅಂತ ಸರಪಟಾಕಿ ಥರ ಹೊಡೆದುಕೊಂಡು ಲೈಟ್ ಮಂಕಾದ್ರೆ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಕೊಳೆ. ಬಾಗಿಲು ತೆರೆದ ಕೂಡಲೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈ ಬಿಡುತ್ತೆ, ಕೈ ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತೆ, ಮತ್ತೆ ಹಿಡಿಯುತ್ತೆ... ಹೀಗೇ ನಡೀತಿರುತ್ತೆ. ಒಂದೇ ಗಟ್ಟಿ ಟಕ್, ಲೈಟ್ ಹಾಗೇ ಇದ್ರೆ ಸೊಲೆನಾಯ್ಡ್ ಒಳಗಿನ ತಾಮ್ರ ಸುಟ್ಟಿರಬಹುದು ಅಥವಾ ಮೋಟರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮೆಕ್ಯಾನಿಕ್ ಸ್ಪ್ಯಾನರಿನಲ್ಲಿ ಸೆಲ್ಫ್‌ಗೆ ಎರಡೇಟು ಕೊಡೋದು ಈ ಬ್ರಷ್ ಕೂರಲಿ ಅಂತ. ಮಂತ್ರವೇನಲ್ಲ, ಒಂದೆರಡು ಸಲ ಫಲಿಸುತ್ತೆ ಅಷ್ಟೆ. ಟರ್ಮಿನಲ್ ಬಿಚ್ಚಿ ಉಜ್ಜೋದಾದ್ರೆ ಮೊದಲು ನೆಗೆಟಿವ್ ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಸಿಟ್ಟಿನಲ್ಲಿ ಕೀ ಹಿಡಿದೇ ಕೂರಬೇಡಿ, ಹತ್ತು ಸೆಕೆಂಡ್ ಸಾಕು. ಆ ಮೋಟರ್ ಇವತ್ತಿಗೂ ಗಲ್ಲಾಪೆಟ್ಟಿಗೆ ವಂಶದ್ದೇ, ಬಿಸಿ ತಡೆಯಲ್ಲ.

ಚಿಕ್ಕಂದಿನಲ್ಲಿ ನಮ್ಮೂರ ಬಾಡಿಗೆ ಅಂಬಾಸಿಡರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲಿ ಹ್ಯಾಂಡಲ್ ಇರುತ್ತಿತ್ತು. ಬ್ಯಾಟರಿ ಸತ್ತರೆ ಡ್ರೈವರ್ರು ಪಂಚೆ ಎತ್ತಿ ಕಟ್ಟಿ 'ಹ್ಯಾಂಡಲ್ ಹೊಡೀತೀನಿ, ದೂರ ನಿಲ್ರೋ' ಅಂತ ನಮ್ಮನ್ನ ಅಟ್ಟೋರು. ಈಗಿನ ಕಾರುಗಳಲ್ಲಿ ಆ ತೂತೇ ಇಲ್ಲ. ಕ್ಲಚ್ ಇರೋ ಕಾರಾದ್ರೆ ಎರಡನೇ ಗೇರಿಗೆ ಹಾಕಿ ನಾಲ್ಕು ಜನ ತಳ್ಳಬಹುದು. ಆಟೋಮ್ಯಾಟಿಕ್ ಆದ್ರೆ ಅದೂ ಇಲ್ಲ. ಮತ್ತೆ ಬಂದಿರೋ ಎಲೆಕ್ಟ್ರಿಕ್ ಕಾರುಗಳಲ್ಲಿ ಸೆಲ್ಫ್ ಇಲ್ಲ ನಿಜ. ಆದ್ರೆ ಅವುಗಳ ದೊಡ್ಡ ಬ್ಯಾಟರಿಯ ಬಾಗಿಲು ತೆರೆಯೋಕೂ ಸಾಮಾನ್ಯವಾಗಿ ಒಂದು 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತೆ. ಅದು ಮಲಗಿದ್ರೆ ಆ ಕಾರೂ ಏಳಲ್ಲ. ಬಾಗಿಲು ತೆರೆಯುವಾಗ ಅಲ್ಲೂ ಕೇಳಿಸೋದು ಟಕ್!