ಇಕ್ಕಟ್ಟಿನಲ್ಲಿ ಹುಟ್ಟಿದ ಬನ್ನುಗಳು

ಟೋಕಿಯೊ, ಕೋಬೆ, ಹಿರೋಶಿಮಾ, ಊರು ಯಾವುದಾದರೂ ಸರಿ, ಜಪಾನಿನ ಗಲ್ಲಿ ಬೇಕರಿಯೊಂದಕ್ಕೆ ಕಾಲಿಟ್ಟವರು ಮೊದಲು ಕೈಗೆತ್ತಿಕೊಳ್ಳುವುದು ಒಂದು ಟ್ರೇ ಮತ್ತು ಒಂದು ಇಕ್ಕಳ. ಕೇಳಿ ಕೊಡಿಸಿಕೊಳ್ಳುವ ಗೋಜಿಲ್ಲ. ಅನ್‌ಪಾನ್, ಕ್ರೀಮ್ ಪಾನ್, ಕರಿ ಪಾನ್, ಉಪ್ಪಿನ ಬನ್ನು, ಎಲ್ಲ ಸಾಲಾಗಿ ಕೂತಿರುತ್ತವೆ, ಬೇಕಾದ್ದನ್ನು ಎತ್ತಿಟ್ಟುಕೊಂಡರಾಯಿತು. ಒಂದೊಂದೂ ಅಂಗೈಯಗಲದ ತಿಂಡಿ. ಆದರೆ ಇವುಗಳಲ್ಲಿ ಹೆಚ್ಚಿನವು ಯಾರೋ ಇಕ್ಕಟ್ಟಿಗೆ ಸಿಕ್ಕಿಬಿದ್ದಾಗ ಹುಟ್ಟಿದಂಥವು.

ಬ್ರೆಡ್ಡು, ಜಪಾನೀಯರ ಮಾತಿನಲ್ಲಿ ‘ಪಾನ್’, ಅಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. 1639ರಲ್ಲಿ ಆ ಹಡಗುಗಳಿಗೆ ಬಂದರುಗಳು ಮುಚ್ಚಿಹೋದ ಮೇಲೆ ನಾಗಸಾಕಿಯ ಡಚ್ಚರನ್ನು ಬಿಟ್ಟರೆ ಅದನ್ನು ಕೇಳುವವರೇ ವಿರಳ. ಮತ್ತೆ ಅದರ ನೆನಪಾದದ್ದು ಯುದ್ಧದ ಭಯದಲ್ಲಿ. ಪಕ್ಕದ ಚೀನಾ ಅಫೀಮು ಯುದ್ಧದಲ್ಲಿ ಬ್ರಿಟಿಷರೆದುರು ಸೋಲುತ್ತಿದ್ದ ಹೊತ್ತಿನಲ್ಲಿ, 1842ರ ಏಪ್ರಿಲ್ 12ರಂದು ನಿರಾಯಾಮಾದ ಆಡಳಿತಾಧಿಕಾರಿ ಎಗಾವಾ ಹಿದೆತಾತ್ಸು ಸೈನಿಕರಿಗೆಂದು ಗಟ್ಟಿ ಬ್ರೆಡ್ಡು ಸುಡಿಸಿದ. ರಣರಂಗದಲ್ಲಿ ಅನ್ನಕ್ಕೆ ಒಲೆ ಹಚ್ಚಿದರೆ ಹೊಗೆಯೆದ್ದು ಶತ್ರುವಿಗೆ ಠಿಕಾಣಿ ಗೊತ್ತಾಗುತ್ತದೆ. ಮೊದಲೇ ಸುಟ್ಟು ಒಣಗಿಸಿದ್ದಕ್ಕೆ ಆ ತೊಂದರೆಯಿಲ್ಲ ಎಂಬುದು ಲೆಕ್ಕಾಚಾರ. ರುಚಿಯನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಆದರೂ ಆ ದಿನದ ನೆನಪಿಗೆ ಜಪಾನಿನ ಬೇಕರಿಯವರು ಈಗಲೂ ಪ್ರತಿ ತಿಂಗಳ 12ನ್ನು ಬ್ರೆಡ್ಡಿನ ದಿನವೆಂದು ಆಚರಿಸುತ್ತಾರೆ.

ರುಚಿಯ ಕಡೆಗೆ ತಿರುಗಿಸಿದವನು ಕಿಮುರಾ ಯಾಸುಬೆ. 1868ರಲ್ಲಿ ಮೈಜಿ ಆಳ್ವಿಕೆ ಶುರುವಾಗಿ ಸಮುರಾಯಿಗಳ ಸಂಬಳ, ಮರ್ಯಾದೆ ಎರಡೂ ಕರಗತೊಡಗಿದ್ದವು. ಸಮುರಾಯಿ ಮನೆತನದ ಈ ಯಾಸುಬೆ ನಡುವಯಸ್ಸು ದಾಟಿದ ಮೇಲೆ, 1869ರಲ್ಲಿ, ಟೋಕಿಯೊದಲ್ಲಿ ಬ್ರೆಡ್ಡಿನ ಅಂಗಡಿ ತೆರೆದ. ಅದು ಬೆಂಕಿಗೆ ಆಹುತಿಯಾಯಿತು. ಗಿಂಜಾಕ್ಕೆ ಬಂದು ಮತ್ತೆ ಹೂಡಿದ. ಬೆಂಕಿಗಿಂತ ದೊಡ್ಡ ಕಷ್ಟ ಗಿರಾಕಿಗಳದು: ಅನ್ನ ಉಂಡು ಬೆಳೆದ ನಾಲಗೆಗೆ ಪರದೇಶಿ ಬ್ರೆಡ್ಡು ಹಿಡಿಸುತ್ತಿರಲಿಲ್ಲ. ಅದನ್ನು ಉಬ್ಬಿಸುವ ಒಳ್ಳೆಯ ಯೀಸ್ಟ್ ಸಿಗುವುದೂ ಕಷ್ಟವಿತ್ತು.

ಯಾಸುಬೆ ಮತ್ತು ಮಗ ಎಯ್‌ಜಾಬುರೊ ಎರಡಕ್ಕೂ ಊರಿನ ಅಡುಗೆಮನೆಯಲ್ಲೇ ಉಪಾಯ ಕಂಡುಕೊಂಡರು. ಅಕ್ಕಿ ಮದ್ಯ ಸಾಕೆಯನ್ನು ಹುಳಿಯಿಸುವ ಕ್ರಮದಲ್ಲೇ ಅಕ್ಕಿ ಮತ್ತು ಕೋಜಿ ಬೂಷ್ಟಿನಿಂದ ಹುದುಗು ಮಾಡಿ ಹಿಟ್ಟು ಉಬ್ಬಿಸಿದರು. ಒಳಗೆ ಕೆಂಪು ಅಜುಕಿ ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಅರೆದ ‘ಅಂಕೊ’ ತುಂಬಿದರು. ನಮ್ಮ ಹೋಳಿಗೆಯ ಹೂರಣಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಹೇಳಬಹುದು. ಹೀಗೆ 1874ರಲ್ಲಿ ಅನ್‌ಪಾನ್ ಹುಟ್ಟಿತು. ಮರುವರ್ಷ ಏಪ್ರಿಲ್ 4ರಂದು ಚಕ್ರವರ್ತಿ ಮೈಜಿಗೆ ಇದನ್ನು ಅರ್ಪಿಸಲಾಯಿತು. ಆ ದಿನಕ್ಕೆಂದೇ ಬನ್ನಿನ ನಡುವೆ ಗುಳಿ ಮಾಡಿ, ಉಪ್ಪಿನಲ್ಲಿಟ್ಟ ಚೆರ್ರಿ ಹೂವನ್ನು ಒತ್ತಿದ್ದರು. ಗಿಂಜಾದ ಅವರ ಅಂಗಡಿ ಕಿಮುರಾಯಾದಲ್ಲಿ ಹೂವಿನ ಆ ಬನ್ನು ಈಗಲೂ ಸಿಗುತ್ತದೆ.

ಇದರಿಂದ ಬ್ರೆಡ್ಡಿನ ಜಾತಕವೇ ಬದಲಾಯಿತು. ಊಟದ ಜಾಗದಲ್ಲಿ ಅನ್ನದೊಡನೆ ಜಗಳಕ್ಕಿಳಿಯದೆ ಅದು ಸಂಜೆಯ ಚಹಾದ ಪಕ್ಕ ಹೋಗಿ ಕೂತಿತು. ಒಳಗೆ ಏನು ತುಂಬಿದರೂ ನಡೆದೀತು ಎಂಬ ಧೈರ್ಯ ಉಳಿದ ಬೇಕರಿಗಳಿಗೂ ಬಂತು. 1900ರಲ್ಲಿ ಕಿಮುರಾಯಾವೇ ಜಾಮ್ ತುಂಬಿತು. ಟೋಕಿಯೊ ವಿಶ್ವವಿದ್ಯಾಲಯದ ಎದುರಿಗಿದ್ದ ನಾಕಾಮುರಾಯಾ ಎಂಬ ಬೇಕರಿಯನ್ನು 1901ರಲ್ಲಿ ಕೊಂಡಿದ್ದ ಸೋಮಾ ಐಜೊ, ಕೊಕ್ಕೊ ದಂಪತಿ ಕ್ರೀಮ್ ಪಫ್ ತಿಂದು ಮರುಳಾಗಿ, 1904ರಲ್ಲಿ ಅಂಕೊ ಬದಲು ಕಸ್ಟರ್ಡ್ ತುಂಬಿದರು.

ಈ ನಾಕಾಮುರಾಯಾದ ಕಥೆಯೊಳಗೆ ಒಬ್ಬ ಭಾರತೀಯನಿದ್ದಾನೆ. 1912ರಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬು ಬಿದ್ದ ಸಂಚಿನ ರೂವಾರಿ ರಾಸ್‌ಬಿಹಾರಿ ಬೋಸ್, 1915ರಲ್ಲಿ ರವೀಂದ್ರನಾಥ ಠಾಗೋರರ ನೆಂಟನೆಂದು ಹೇಳಿಕೊಂಡು ಜಪಾನ್ ಸೇರಿದರು. ಬ್ರಿಟಿಷರ ಒತ್ತಡಕ್ಕೆ ಮಣಿದು ಜಪಾನ್ ಸರ್ಕಾರ ದೇಶ ಬಿಡಲು ಆಜ್ಞೆ ಹೊರಡಿಸಿದಾಗ ಅವರನ್ನು ಅಡಗಿಸಿಟ್ಟದ್ದು, ಅಷ್ಟರಲ್ಲಿ ಶಿಂಜುಕುವಿಗೆ ಬಂದಿದ್ದ ಇದೇ ಬೇಕರಿಯ ಹಿಂಬದಿಯ ಮನೆ. 1918ರಲ್ಲಿ ಸೋಮಾ ದಂಪತಿಯ ಮಗಳು ತೋಶಿಕೊ ಬೋಸರನ್ನು ಮದುವೆಯಾದಳು; 1925ರಲ್ಲಿ ತೀರಿಕೊಂಡಳು. ಮೈದಾ ಕಲಸಿ ಗಟ್ಟಿ ಮಾಡಿದ ಇಂಗ್ಲಿಷ್ ಮಾದರಿಯ ಕರಿಯೇ ಜಪಾನಿನಲ್ಲಿ ಭಾರತದ ಅಡುಗೆಯೆಂದು ನಡೆಯುತ್ತಿದ್ದುದು ಬೋಸರಿಗೆ ಸಹಿಸದಾಗಿತ್ತು. 1927ರಲ್ಲಿ ಬೇಕರಿಯವರು ಹೋಟೆಲು ತೆರೆದಾಗ ಅಳಿಯನ ಕೈರುಚಿಯ ಕೋಳಿಸಾರು ಅಲ್ಲಿನ ಮುಖ್ಯ ತಿನಿಸಾಯಿತು.

ಕಾಕತಾಳೀಯವೆಂಬಂತೆ ಅದೇ 1927ರಲ್ಲಿ ಟೋಕಿಯೊದ ಫುಕಾಗಾವಾದ ಬೇಕರಿಯೊಂದು, ಬೋಸರಿಗೆ ಒಗ್ಗದ ಆ ಗಟ್ಟಿ ಕರಿಯ ಮಾದರಿಯನ್ನೇ ಹಿಟ್ಟಿನೊಳಗೆ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿಯಿತು. 1923ರ ಮಹಾಭೂಕಂಪದಲ್ಲಿ ನಷ್ಟಕ್ಕೊಳಗಾದ ಅಂಗಡಿಯದು. ಕಟ್ಲೆಟ್ಟು, ಕರಿ ಎರಡೂ ಪಟ್ಟಣದ ಜನಪ್ರಿಯ ತಿಂಡಿಗಳು. ಅವನ್ನು ಒಂದೇ ಬನ್ನಿನಲ್ಲಿ ಸೇರಿಸಿ, ಹೊಸ ವಿನ್ಯಾಸವೆಂದು ನೋಂದಾಯಿಸಿಕೊಂಡಿತು. ಕರಿ ಪಾನ್ ನಮ್ಮದೇ ಸೃಷ್ಟಿ ಎನ್ನುವವರು ಬೇರೆಯವರೂ ಇದ್ದಾರೆ.

ಕೇಕಿನ ಕಥೆಯೂ ಹೀಗೇ. ಚೀನಾದ ಚಿಂಗ್‌ಡಾವ್‌ನಲ್ಲಿ ಕೇಕಿನಂಗಡಿ ನಡೆಸುತ್ತಿದ್ದ ಜರ್ಮನ್ ಕಾರ್ಲ್ ಯೂಖೈಮ್ ಮೊದಲ ಮಹಾಯುದ್ಧದಲ್ಲಿ ಜಪಾನಿಗೆ ಸೆರೆಯಾಳಾಗಿ ಬಂದ. 1919ರಲ್ಲಿ ಕೈದಿಗಳ ಕೈಕಸುಬಿನ ಪ್ರದರ್ಶನಕ್ಕೆಂದು, ಮರದ ಉಂಗುರಗಳಂತೆ ಪದರ ಪದರವಾಗಿರುವ ಬೌಮ್‌ಕೂಖನ್ ಸುಟ್ಟು ಮಾರಿದ. ಪ್ರದರ್ಶನ ನಡೆದದ್ದು ಹಿರೋಶಿಮಾದಲ್ಲಿ, ಈಗ ಅಣುಬಾಂಬ್ ಗುಮ್ಮಟವೆನಿಸಿರುವ ಅದೇ ಕಟ್ಟಡದಲ್ಲಿ. ಬಿಡುಗಡೆಯಾದ ಮೇಲೆ ಅವನು ಯೊಕೊಹಾಮಾದಲ್ಲಿ ತೆರೆದ ಅಂಗಡಿಯನ್ನು 1923ರ ಭೂಕಂಪ ನುಂಗಿತು. ಕೋಬೆಯಲ್ಲಿ ಮತ್ತೆ ಶುರುಮಾಡಿದ. ಬೌಮ್‌ಕೂಖನ್ ಈಗ ಜಪಾನಿನಲ್ಲಿ ಮದುವೆಯ ಉಡುಗೊರೆ.

ಎರಡನೆಯ ಮಹಾಯುದ್ಧದ ಸೋಲಿನ ನಂತರದ ಹಸಿವಿನಲ್ಲಿ ಶಾಲೆಯ ಮಧ್ಯಾಹ್ನದೂಟಕ್ಕೆ ಅಮೆರಿಕದ ಗೋಧಿ, ಹಾಲಿನ ಪುಡಿ ಬಂದವು. 1954ರಲ್ಲಿ ಶಾಲಾ ಊಟದ ಕಾಯಿದೆಯೇ ಆಯಿತು. ಅನ್ನಕ್ಕೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 1976ರಲ್ಲಿ. ನಡುವಿನ ಅಷ್ಟೂ ವರ್ಷ ಮಕ್ಕಳು ಉದ್ದನೆಯ ಸಪ್ಪೆ ಬನ್ನು ತಿಂದು ಬೆಳೆದರು. ದೊಡ್ಡವರಾದ ಮೇಲೆ ಅವರೇ ಬೇಕರಿಗಳ ಗಿರಾಕಿಗಳಾದರು. ಅಂಥವರಿಗಾಗಿ 1967ರಲ್ಲಿ ಹಿರೋಶಿಮಾದಲ್ಲಿ ಆಂಡರ್ಸನ್ ಎಂಬ ಬೇಕರಿ ತೆರೆಯಿತು. ಅದು ತೆರೆದದ್ದು ಅಣುಬಾಂಬಿನ ಹೊಡೆತಕ್ಕೆ ಸಿಕ್ಕಿಯೂ ನಿಂತಿದ್ದ ಹಳೆಯ ಬ್ಯಾಂಕಿನ ಕಟ್ಟಡದಲ್ಲಿ. ಗಿರಾಕಿಗಳೇ ಟ್ರೇ, ಇಕ್ಕಳ ಹಿಡಿದು ಆರಿಸಿಕೊಳ್ಳುವ ಪದ್ಧತಿ ದೇಶಕ್ಕೆಲ್ಲ ಹರಡಿದ್ದು ಅಲ್ಲಿಂದ.

ಸಾಲಿಗೆ ಈಚೆಗೆ ಸೇರಿದ್ದು ಉಪ್ಪಿನ ಬನ್ನು, ಶಿಯೊ ಪಾನ್. ಈ ಶತಮಾನದ ಆರಂಭದಲ್ಲಿ ಎಹಿಮೆ ಪ್ರಾಂತದ ಬಂದರು ಪಟ್ಟಣ ಯವತಹಾಮಾದ ಪಾನ್ ಮೇಜಾನ್ ಬೇಕರಿ ಇದನ್ನು ಮಾಡಿತು. ಬೇಸಿಗೆಯಲ್ಲಿ ಬ್ರೆಡ್ಡಿನ ವ್ಯಾಪಾರ ಕುಸಿಯುತ್ತದೆ. ಬೆವರುವ ಮೈ ಉಪ್ಪು ಬೇಡುತ್ತದೆ. ಹಿಟ್ಟಿನ ಸುರುಳಿಯೊಳಗಿಟ್ಟ ಬೆಣ್ಣೆ ಒಲೆಯ ಕಾವಿಗೆ ಕರಗಿ ಕೆಳಗಿಳಿದು ತಳವನ್ನು ಹುರಿಯುತ್ತದೆ. ಹಾಗಾಗಿ ಅಡಿ ಗರಿಗರಿ, ಒಳಗೆ ಪೊಳ್ಳು, ಮೇಲೆ ಉಪ್ಪಿನ ಹರಳು. ಮೊದಮೊದಲು ಮೀನು ಮಾರುಕಟ್ಟೆಯ ಕೆಲಸಗಾರರು ಮೆಚ್ಚಿ ಕೊಂಡರು. ಆಮೇಲೆ ಟೋಕಿಯೊ ಕಲಿಯಿತು, ಕೊರಿಯಾದ ಸೋಲ್ ಕಲಿಯಿತು. ಈಗ ಸೋಲ್‌ನ ಕೆಫೆಗಳೆದುರು ಅದಕ್ಕಾಗಿಯೇ ಸರತಿ ನಿಲ್ಲುತ್ತಾರೆ.