ಏಳು ಮಿಲಿಮೀಟರಿನ ಮೂರು ತಪ್ಪುಗಳು: ಪಾಯಿಂಟ್ ಟೂ ಟೂ ರೈಫಲಿನ ತೋಟಾ, ಗುರಿನೋಟ ಕುರಿತು

50 ಮೀಟರ್ ದೂರದ ಗುರಿಗೆ ಪಾಯಿಂಟ್ ಟೂ ಟೂ ರೈಫಲಿನಿಂದ ಹೊಡೆದ ಗುಂಡು ನಡುವಿನಿಂದ ಏಳು ಮಿಲಿಮೀಟರ್ ಆಚೆ ಹೋದರೆ ಅದು ಯಾರ ತಪ್ಪು? ತೋಟಾದ್ದೋ, ಗುರಿನೋಟದ್ದೋ, ಗಾಳಿಯದ್ದೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅಂತರರಾಷ್ಟ್ರೀಯ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ. ಮಾತ್ರ. ಸುಮಾರು 5.6 ಮಿ.ಮೀ. ದಪ್ಪದ ಗುಂಡು ಅಂಚಿಗೆ ತಾಗಿದರೂ ಹತ್ತು ಸಿಗುತ್ತದೆ ಎಂದುಕೊಂಡರೆ, ಗುಂಡಿನ ನಡುಬಿಂದು ಎಂಟು ಮಿ.ಮೀ.ವರೆಗೆ ಅತ್ತಿತ್ತ ಸರಿಯಬಹುದು. ಒಂಬತ್ತು ಮಿ.ಮೀ.ಗೆ ಹೋದರೆ ಅಂಕ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕರ್ನಾಟಕದ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 451.4 ಅಂಕಗಳೊಂದಿಗೆ ಕಂಚು ಗೆದ್ದದ್ದು ಈ ಅಳತೆಯ ಮೇಲೆಯೇ.

ಕರ್ನಾಟಕದಲ್ಲಿ ಈ ತೋಟಾಕ್ಕೆ ಇನ್ನೊಂದು, ಹೆಚ್ಚು ಉದಾರವಾದ ಗುರಿಯೂ ಇದೆ: ಕೊಡಗಿನ ತೆಂಗಿನಕಾಯಿ. ಕೈಲ್‌ಪೋಳ್ದ್ ಹಬ್ಬದಲ್ಲಿ ತೋಕ್ ಪೂ (ಕೋವಿ ಹೂ) ಮುಡಿಸಿ ಕೋವಿ ಪೂಜಿಸುವ ನಾಡಿನಲ್ಲಿ ಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು 12 ಬೋರಿನ ಕೋವಿಗೆ ಬೇರೆ, ಪಾಯಿಂಟ್ ಟೂ ಟೂ ರೈಫಲಿಗೆ ಬೇರೆ ನಡೆಯುತ್ತವೆ. ಅಲ್ಲಿನ ಕೆಲವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಿಪ್ಪೆ ಸುಲಿದ ಕಾಯಿ ಹೆಚ್ಚುಕಡಿಮೆ ಹತ್ತು ಸೆಂ.ಮೀ. ಅಗಲ, ಅಂದರೆ ಹತ್ತರ ವೃತ್ತದ ಹತ್ತು ಪಟ್ಟು. ಕಾಯಿ ಒಡೆಯುವವನಿಗೆ ತೋಟಾದ ಆಯ್ಕೆ ದೊಡ್ಡ ಮಾತಲ್ಲ, ಗುರಿ ನಿಚ್ಚಳವಾಗಿ ಕಂಡರೆ ಮುಗಿಯಿತು. ಹಲಗೆಗೆ ಹೊಡೆಯುವವನ ಲೆಕ್ಕ ಬೇರೆ. ಇಬ್ಬರಿಗೂ ಒಂದೇ ಸಲಹೆ ಕೊಡುವುದು ನಮ್ಮಲ್ಲಿ ಸಾಮಾನ್ಯ ರೂಢಿ, ಅದು ಸರಿಯಲ್ಲ.

ಮೊದಲು ತೋಟಾ. 1887ರಿಂದ ಬಳಕೆಯಲ್ಲಿರುವ ಈ ಲಾಂಗ್ ರೈಫಲ್ ತೋಟಾದಲ್ಲಿ ಸಿಡಿಮದ್ದು ಇರುವುದು ತಳದ ಅಂಚಿನೊಳಗೆ, ಅದಕ್ಕೇ ಇದು ರಿಮ್‌ಫೈರ್. ತಳವನ್ನು ಗರಗರ ತಿರುಗಿಸಿ ಒದ್ದೆ ಮಿಶ್ರಣವನ್ನು ಅಂಚಿಗೆ ಹರಡುತ್ತಾರೆ. ಅದು ಎಲ್ಲೆಡೆ ಸಮನಾಗಿ ಹರಡಿದೆಯೋ ಇಲ್ಲವೋ ಕೊಂಡವನಿಗೆ ಕಾಣುವುದಿಲ್ಲ. ಸೆಂಟರ್‌ಫೈರ್ ತೋಟಾದಂತೆ ಮನೆಯಲ್ಲಿ ಮತ್ತೆ ತುಂಬಿಕೊಳ್ಳುವುದೂ ಆಗದು. ಮದ್ದು ಹೊತ್ತಿಕೊಳ್ಳುವುದು ಹೆಚ್ಚುಕಡಿಮೆಯಾದರೆ ವೇಗವೂ ಹೆಚ್ಚುಕಡಿಮೆ. 40 ಗ್ರೇನ್, ಅಂದರೆ 2.6 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಟರೆ 50 ಮೀಟರ್ ಮುಟ್ಟುವಷ್ಟರಲ್ಲಿ ಹನ್ನೆರಡು ಸೆಂ.ಮೀ.ಗಿಂತ ತುಸು ಹೆಚ್ಚು ಕೆಳಗಿಳಿಯುತ್ತದೆ. ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ ಹಲಗೆಯ ಮೇಲೆ ಏಳೆಂಟು ಮಿ.ಮೀ. ಮೇಲುಕೆಳಗು. ಇದು ನಮ್ಮ ಮೊದಲನೆಯ ಏಳು.

ಎರಡನೆಯದು ಗಾಳಿಯದು. ದಾಬಸ್‌ಪೇಟೆ ಕಡೆಯ ಸೋಂಪುರದಲ್ಲಿ ರಾಗಿ ಹೊಲದ ಬದುವಿನ ಮೇಲೆ 50 ಮೀಟರ್ ಅಳೆದು, ಹತ್ತು ಮೀಟರಿಗೊಂದು ಬಿದಿರುಕಡ್ಡಿ ನೆಟ್ಟು, ಒಂದೊಂದಕ್ಕೂ ಉಲ್ಲನ್ ದಾರ ಕಟ್ಟಿ ನೋಡಿದೆ. ಕೋವಿಯಿಲ್ಲದೆ, ಲೈಸೆನ್ಸಿನ ಗೊಡವೆಯಿಲ್ಲದೆ. ಆಷಾಢದ ಆ ಮಧ್ಯಾಹ್ನ ನನ್ನ ಕಾಲ ಬಳಿಯ ದಾರ ಅಡ್ಡಡ್ಡ ಹಾರುತ್ತಿದ್ದಾಗ ಬೇಲಿ ಮರೆಯ ನಾಲ್ಕನೆಯದು ಜೋತುಬಿದ್ದಿತ್ತು, ಕೊನೆಯದು ನನ್ನ ಕಡೆಗೇ ಬಾಗಿತ್ತು. ಹಲಗೆಯ ಬಳಿ ಒಂದೇ ಬಾವುಟ ಕಟ್ಟಿ ಗಾಳಿ ತಿಳಿದೆನೆನ್ನುವವರು ಇದನ್ನು ಒಮ್ಮೆ ನೋಡಬೇಕು. ನಳಿಗೆಯ ಹತ್ತಿರದ ಗಾಳಿಯ ಪ್ರಭಾವವೇ ಹೆಚ್ಚು, ಏಕೆಂದರೆ ಅಲ್ಲಿ ತಿರುಗಿದ ದಾರಿ ಕೊನೆಯವರೆಗೂ ಉಳಿಯುತ್ತದೆ. ಅಡ್ಡಗಾಳಿ ಸೆಕೆಂಡಿಗೆ ಒಂದು ಮೀಟರ್ ಇದ್ದರೆ, ಅಂದರೆ ಕೆನ್ನೆಗೆ ತಾಗಿಯೂ ತಾಗದಷ್ಟು, ಗುಂಡು ಸುಮಾರು ಏಳು ಮಿ.ಮೀ. ಸರಿಯುತ್ತದೆ.

ವೇಗದ ತೋಟಾ ಕೊಂಡರೆ ಗಾಳಿ ಕಡಿಮೆ ತಾಗೀತು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಗುಂಡು ಎಷ್ಟು ಹೊತ್ತು ಹಾರಿತು ಎನ್ನುವುದಕ್ಕಿಂತ, ಗಾಳಿಯ ತಡೆಯೇ ಇಲ್ಲದಿದ್ದರೆ ಮುಟ್ಟಬೇಕಿದ್ದ ಹೊತ್ತಿಗಿಂತ ಎಷ್ಟು ತಡವಾಯಿತು ಎನ್ನುವುದು ಮುಖ್ಯ. ಸೆಕೆಂಡಿಗೆ 380 ಮೀಟರಿನಲ್ಲಿ ಹೊರಡುವ ಹೈ ವೆಲಾಸಿಟಿ ಗುಂಡಿಗೆ ಶಬ್ದವೇಗದ ಆಸುಪಾಸಿನಲ್ಲಿ ತಡೆ ವಿಪರೀತ, ತಡವೂ ಹೆಚ್ಚು. ಅದೇ ಒಂದು ಮೀಟರ್ ಗಾಳಿಗೆ ಅದು ಹತ್ತು ಮಿ.ಮೀ. ಹತ್ತಿರ ಸರಿದು ಒಂಬತ್ತರ ವೃತ್ತಕ್ಕೆ ಬೀಳುತ್ತದೆ. ಶಬ್ದವೇಗ ದಾಟಿ ಕೆಳಗಿಳಿಯುವಾಗಿನ ತೊನೆದಾಟ ಬೇರೆ. ಸ್ಪರ್ಧೆಯ ತೋಟಾಗಳೆಲ್ಲ ನಿಧಾನವಾಗಿರುವುದಕ್ಕೆ ಇದೇ ಕಾರಣ. ನಮ್ಮ ಬಯಲುಸೀಮೆಯ 30 ಡಿಗ್ರಿ ಬಿಸಿಲಿನಲ್ಲಿ ಶಬ್ದವೇಗ ಸೆಕೆಂಡಿಗೆ 349 ಮೀಟರ್. 325ರ ಗುಂಡು ಆ ಗಡಿಯ ಕೆಳಗೇ ಉಳಿಯುತ್ತದೆ.

ಇನ್ನು ಸೈಟು. ಸೋಂಪುರ, ದಾಬಸ್‌ಪೇಟೆ ಕಡೆ ಸೈಟು ಎಂದರೆ ಮೂವತ್ತು ನಲವತ್ತರ ನಿವೇಶನ, ಹಾಗಾಗಿ ಗುರಿನೋಟ ಎನ್ನುತ್ತೇನೆ. ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ 75 ಸೆಂ.ಮೀ. ಅಂತರವಿದ್ದರೆ ಅವುಗಳ ಹೊಂದಾಣಿಕೆಯಲ್ಲಿ 0.1 ಮಿ.ಮೀ. ತಪ್ಪು ಹಲಗೆಯ ಮೇಲೆ 6.7 ಮಿ.ಮೀ. ಆಗುತ್ತದೆ. ಇದು ಮೂರನೆಯ ಏಳು. ಮುಂದಿನ ಉಂಗುರ ಬಿಗಿಯಾಗಿದ್ದಷ್ಟೂ ಗುರಿ ಖಚಿತ ಎಂದು ಹೊಸಬರು ನಂಬುತ್ತಾರೆ. ಕಪ್ಪು ಗುರಿಯ ಸುತ್ತ ಬಿಳಿ ತೀರಾ ಕಡಿಮೆಯಾದರೆ ಕಣ್ಣು ಅನುಮಾನಿಸುತ್ತದೆ, ಬೆರಳು ತಡೆಯುತ್ತದೆ. ತುಸು ದೊಡ್ಡ ಉಂಗುರವೇ ಮೇಲು. ಸ್ಪರ್ಧೆಯ ನಿಯಮ ದೂರದರ್ಶಕವನ್ನು ಒಪ್ಪುವುದಿಲ್ಲ. ತೆಂಗಿನಕಾಯಿಗೋ ತೋಟಾ ಪರೀಕ್ಷೆಗೋ ಹಾಕಿಕೊಳ್ಳುವವರು ಪ್ಯಾರಲಾಕ್ಸ್ 50 ಗಜಕ್ಕೆ ಕೂಡಿಸಿದ ರಿಮ್‌ಫೈರ್ ಸ್ಕೋಪನ್ನೇ ಕೊಳ್ಳಬೇಕು. 100 ಗಜಕ್ಕೆ ಕೂಡಿಸಿದ್ದರಲ್ಲಿ ಕೆನ್ನೆ ಅಲುಗಿದರೆ ಗುರಿಗೆರೆಯೂ ಗುರಿಯ ಮೇಲೆ ತೇಲುತ್ತದೆ.

ಮೂರೂ ಏಳೇ, ಆದರೆ ಬಿಡುವ ಗುರುತು ಬೇರೆ. ಹಸ್ತಪ್ರತಿಗಳ ಪಾಠಾಂತರ ನೋಡುವವರು ತಪ್ಪಿನ ರೀತಿಯಿಂದ ಲಿಪಿಕಾರನನ್ನು ಹಿಡಿಯುವಂತೆ ಹಲಗೆಯನ್ನೂ ಓದಬಹುದು. ಗುಂಪು ಮೇಲುಕೆಳಗಾಗಿ ಉದ್ದವಿದ್ದರೆ ಮೊದಲ ಅನುಮಾನ ತೋಟಾದ ಮೇಲೆ, ಅಡ್ಡವಾಗಿ ಹರಡಿದ್ದರೆ ಗಾಳಿಯ ಮೇಲೆ. ಸುತ್ತಲೂ ಚದುರಿದ್ದು, ಆಸರೆಯ ಮೇಲಿಟ್ಟು ಸ್ಕೋಪಿನಲ್ಲಿ ಹೊಡೆದಾಗ ಗುಂಪು ಕಿರಿದಾದರೆ, ಗುರಿನೋಟವನ್ನೋ ಹಿಡಿತವನ್ನೋ ನೋಡಬೇಕು. ಐದು ಗುಂಡಿನ ಒಂದು ಗುಂಪು ನೋಡಿ ತೀರ್ಪು ಕೊಡಬೇಡಿ. ಏನೂ ಬದಲಾಗದಿದ್ದರೂ ಅದರ ಅಗಲ ಕಾಲು ಭಾಗದಷ್ಟು ಹಿಗ್ಗಿ ಕುಗ್ಗುತ್ತದೆ. ಹತ್ತರಂತೆ ನಾಲ್ಕು ಗುಂಪಾದರೂ ಬೇಕು. ತೋಟಾದ ಬಗೆ ಬದಲಿಸಿದಾಗ ಮೊದಲ ಹತ್ತಿಪ್ಪತ್ತು ಗುಂಡು ಲೆಕ್ಕಕ್ಕಿಲ್ಲ, ಹಳೆಯ ಗುಂಡುಗಳ ಮೇಲಿದ್ದ ಮೇಣ ನಳಿಗೆಯಿಂದ ಹೋಗಿ ಹೊಸದು ಕೂರಬೇಕು.

ಜರ್ಮನಿಯ ಶೋನೆಬೆಕ್‌ನಲ್ಲಿ ತೋಟಾ ತಯಾರಿಸುವ ಲಾಪುವಾ ಕಂಪನಿಯವರು ಗಿರಾಕಿಯ ರೈಫಲನ್ನೇ ಯಂತ್ರಕ್ಕೆ ಬಿಗಿದು ಲಾಟ್ (ಒಂದೇ ಬಾರಿಗೆ ತಯಾರಾದ ತೋಟಾಗಳ ಕಂತು) ಮೇಲೆ ಲಾಟ್ ಹೊಡೆದು ತೋರಿಸುತ್ತಾರೆ. ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಲಾಟ್‌ಗಳಲ್ಲಿ ಒಂದು ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ನಮ್ಮಲ್ಲಿ ಅಂಥ ಅನುಕೂಲ ಸಿಗುವುದು ಕೆಲವರಿಗಷ್ಟೆ. ಉಳಿದವರಿಗೆ ಅಂಗಡಿಯಲ್ಲಿದ್ದದ್ದೇ ಆಯ್ಕೆ, ಲೈಸೆನ್ಸಿನಲ್ಲಿ ಬರೆದ ಸಂಖ್ಯೆಯೇ ಮಿತಿ. ಆದರೂ ಇದ್ದ ಎರಡು ಬಗೆಯಲ್ಲಿ ಒಂದೊಂದು ಡಬ್ಬಿ ತಂದು ಹೊಡೆದು ನೋಡಿ, ಒಗ್ಗಿದ ಡಬ್ಬಿಯ ಮೇಲಿನ ಲಾಟ್ ಸಂಖ್ಯೆ ಬರೆದಿಟ್ಟುಕೊಂಡು, ಅದೇ ದಿನ ಅದೇ ಅಂಗಡಿಗೆ ಹೋಗಿ ಅದೇ ಸಂಖ್ಯೆಯ ಡಬ್ಬಿಗಳನ್ನು ಕೇಳಬಹುದು. ಮುಂದಿನ ತಿಂಗಳು ಹೋದರೆ ಅದು ಖಾಲಿಯಾಗಿರುತ್ತದೆ.