ಇಕ್ಕಟ್ಟಿನಿಂದ ಹುಟ್ಟಿದ ಸೀಟು

1875ರ ಜನವರಿ 1ರಂದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ ರೈಲ್ವೆ ತನ್ನ ಗಾಡಿಗಳಲ್ಲಿ ಎರಡನೇ ದರ್ಜೆಯನ್ನು ರದ್ದು ಮಾಡಿತು. ಮೂರನೇ ದರ್ಜೆಯವರಿಗೆ ಮೆತ್ತೆಯ ಆಸನ ಕೊಟ್ಟು, ಮೊದಲ ದರ್ಜೆಯ ದರವನ್ನು ಎರಡನೆಯದರ ಮಟ್ಟಕ್ಕೆ ಇಳಿಸಿತು. ಕಂಪನಿಯ ಮ್ಯಾನೇಜರ್ ಜೇಮ್ಸ್ ಆಲ್‌ಪೋರ್ಟ್ ತೆಗೆದುಕೊಂಡ ಈ ನಿರ್ಧಾರಕ್ಕೆ ಉಳಿದ ಕಂಪನಿಗಳು ಸಿಟ್ಟಾದವು. ಆದರೆ ಮುಂದಿನ ದಶಕಗಳಲ್ಲಿ ಅವೂ ಒಂದೊಂದಾಗಿ ಅದೇ ದಾರಿ ಹಿಡಿದವು. ಕೆಳಗಿನ ದರ್ಜೆ ನೆಮ್ಮದಿಯಾಗಿ ಕೂರುವಂತಾದ ಮೇಲೆ ನಡುವಿನದಕ್ಕೆ ಗಿರಾಕಿಗಳೇ ಉಳಿಯಲಿಲ್ಲ. ಬ್ರಿಟನ್ನಿನ ಬಹುಪಾಲು ಗಾಡಿಗಳಲ್ಲಿ ಒಂದು, ಮೂರು ಎಂಬ ಎರಡೇ ದರ್ಜೆ ಉಳಿದವು. 1956ರಲ್ಲಿ ಮೂರನೆಯದರ ಹೆಸರನ್ನು ಎರಡನೆಯದು ಎಂದು ಬದಲಿಸಿದ್ದು ಬಹಳ ತಡವಾಗಿ. ದೂರಪ್ರಯಾಣದ ವಿಮಾನಗಳಲ್ಲಿ ಈಗ ಎಲ್ಲರ ಬಾಯಲ್ಲಿರುವ ಪ್ರೀಮಿಯಂ ಎಕಾನಮಿ ಎಂಬ, ಎಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ದರ್ಜೆಯನ್ನು ಅರ್ಥ ಮಾಡಿಕೊಳ್ಳಲು ಈ ಹಳೆಯ ರೈಲಿನ ಕಥೆಯೇ ಸರಿಯಾದ ಬಾಗಿಲು ಎಂದು ನನಗೆ ಅನ್ನಿಸುತ್ತದೆ. ನಡುವಿನ ದರ್ಜೆಯೊಂದು ಹುಟ್ಟುವುದು ಯಾರೋ ಹೊಸ ಸುಖವನ್ನು ಕಂಡುಹಿಡಿದರು ಎಂದಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಕಂದಕ ಅಗಲವಾದಾಗ ಅದು ಹುಟ್ಟುತ್ತದೆ, ಕೆಳಗಿನದು ಇಕ್ಕಟ್ಟಾಗಿರುವಷ್ಟು ಕಾಲ ಬದುಕುತ್ತದೆ. ಹಾಗಾಗಿ ಆ ಸೀಟಿನ ಬೆಲೆಯನ್ನು ಅದರ ಹಿಂದಿನ ಸಾಲುಗಳನ್ನು ನೋಡದೆ ಅಳೆಯಲಾಗದು.

ಈ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಫ್ರಾನ್ಸಿನ ಎಂಜಿನಿಯರ್ ಜ್ಯೂಲ್ ದ್ಯುಪ್ವಿ ಒಬ್ಬರು. ಅಲ್ಲಿನ ಮೂರನೇ ದರ್ಜೆಯ ಬೋಗಿಗಳಿಗೆ ಆಗ ಚಾವಣಿಯೂ ಇರಲಿಲ್ಲ. ಚಾವಣಿ ಹಾಕಲು ದೊಡ್ಡ ಖರ್ಚೇನೂ ಇಲ್ಲ. ಬಡವರನ್ನು ನೋಯಿಸಬೇಕೆಂಬ ಹಟವೂ ಕಂಪನಿಗಿಲ್ಲ. ಎರಡನೇ ದರ್ಜೆಗೆ ಹಣ ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಿರಲಿ ಎಂಬುದೇ ಅದರ ಲೆಕ್ಕ ಎಂದು ದ್ಯುಪ್ವಿ 1849ರಲ್ಲಿ ಬರೆದರು. ನಮ್ಮ ದೇಶದ ರೈಲುಗಳಲ್ಲೂ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇಂಟರ್ ಕ್ಲಾಸ್ ಎಂಬುದೊಂದು ಇತ್ತು. ಮೂರನೇ ದರ್ಜೆಯ ನೂಕುನುಗ್ಗಲನ್ನು ತಾಳಲಾರದ, ಎರಡನೆಯದರ ದರವನ್ನು ತೆರಲಾರದ ಗುಮಾಸ್ತರು, ಮೇಷ್ಟರುಗಳು ಅದರಲ್ಲಿ ಹೋಗುತ್ತಿದ್ದರು.

ವಿಮಾನದಲ್ಲಿ ಮೊದಮೊದಲು ಇಂಥ ಮೆಟ್ಟಿಲುಗಳೇ ಇರಲಿಲ್ಲ. ಅಂತರರಾಷ್ಟ್ರೀಯ ದರಗಳನ್ನು ಕಂಪನಿಗಳ ಒಕ್ಕೂಟವಾದ ಐಎಟಿಎ ಕೂತು ನಿಗದಿ ಮಾಡುತ್ತಿತ್ತು, ದರ ದುಬಾರಿಯಾಗಿತ್ತು, ಪ್ರಯಾಣಿಕರೂ ಕೆಲವರೇ. 1952ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಟೂರಿಸ್ಟ್ ದರ್ಜೆ ಬಂತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗಿಬರುವ ಟಿಕೆಟ್ಟಿಗೆ 486 ಡಾಲರ್. 1958ರ ಏಪ್ರಿಲ್‌ನಲ್ಲಿ ಅದಕ್ಕಿಂತ ಅಗ್ಗವಾಗಿ ಎಕಾನಮಿ ದರ್ಜೆ ಶುರುವಾಯಿತು. ಅಗ್ಗದ ದರ್ಜೆ ಎಷ್ಟು ಸುಖವಾಗಿರಬಹುದು ಎಂಬುದನ್ನೂ ಐಎಟಿಎಯೇ ಕಟ್ಟಿಹಾಕಿತು. ಸೀಟುಗಳ ಸಾಲಿನ ನಡುವಿನ ಅಂತರ 34 ಇಂಚು. ಊಟಕ್ಕೆ ಬಿಸಿ ಅಡಿಗೆ ಇಲ್ಲ, ಸ್ಯಾಂಡ್‌ವಿಚ್ ಮಾತ್ರ. ಈ ಸ್ಯಾಂಡ್‌ವಿಚ್ಚಿನ ಮೇಲೆಯೇ ದೊಡ್ಡ ಜಗಳ ಎದ್ದಿತು. ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಮತ್ತು ಯುರೋಪಿನ ಇನ್ನೂ ಕೆಲವು ಕಂಪನಿಗಳು ತೆಳ್ಳನೆಯ ಬ್ರೆಡ್ಡಿನ ಮೇಲೆ ಮಾಂಸ, ಮೀನು, ತರಕಾರಿಗಳನ್ನು ಪೇರಿಸಿ, ತಟ್ಟೆ ತುಂಬುವ ಊಟವನ್ನೇ ಸ್ಯಾಂಡ್‌ವಿಚ್ ಎಂಬ ಹೆಸರಿನಲ್ಲಿ ಬಡಿಸತೊಡಗಿದವು. ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಲಂಡನ್ನಿನಲ್ಲಿ ಸಭೆ ಸೇರಿ, ಸ್ಯಾಂಡ್‌ವಿಚ್ ತಣ್ಣಗಿರಬೇಕು, ಸರಳವಾಗಿರಬೇಕು, ಬ್ರೆಡ್ ಕಣ್ಣಿಗೆ ಕಾಣಬೇಕು, ದುಬಾರಿ ಪದಾರ್ಥ ಇರಕೂಡದು ಎಂದು ತೀರ್ಮಾನವಾಯಿತು. ಎಸ್‌ಎಎಸ್‌ಗೆ 20,000 ಡಾಲರ್ ದಂಡ ಬಿತ್ತು. ಹಾರಾಟದ ಸುರಕ್ಷತೆ, ಎಂಜಿನ್ನು, ಹವಾಮಾನ ಇವನ್ನೆಲ್ಲ ನೋಡಿಕೊಳ್ಳಬೇಕಾದ ಹಿರಿಯ ಅಧಿಕಾರಿಗಳು ಬ್ರೆಡ್ಡಿನ ಅಂಚಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣವಿತ್ತು. ಕೆಳಗಿನ ದರ್ಜೆಯ ಊಟ ಚೆನ್ನಾಗಿದ್ದರೆ ಮೇಲಿನ ದರ್ಜೆಯವನು ಕೆಳಗಿಳಿಯುತ್ತಾನೆ. ದ್ಯುಪ್ವಿ ಕಂಡ ಚಾವಣಿಯಿಲ್ಲದ ಬೋಗಿಯ ತರ್ಕವೇ ಇಲ್ಲಿ ಊಟದ ತಟ್ಟೆಗೆ ಬಂದಿತ್ತು.

1970ರ ಜನವರಿಯಲ್ಲಿ ಬೋಯಿಂಗ್ 747 ಪ್ರಯಾಣಿಕರನ್ನು ಹೊತ್ತು ಹಾರಿತು. ಮೊದಲು ಅದರ ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು. ಕೆಲವೇ ವರ್ಷಗಳಲ್ಲಿ ಹತ್ತಾಯಿತು. ಸೀಟು ಹೆಚ್ಚಾದಂತೆ ತುಂಬಿಸುವ ಚಿಂತೆಯೂ ಹೆಚ್ಚಿತು, ರಿಯಾಯಿತಿ ಟಿಕೆಟ್ಟುಗಳು ಹರಿದಾಡಿದವು. 1977ರ ಸೆಪ್ಟೆಂಬರಿನಲ್ಲಿ ಫ್ರೆಡ್ಡಿ ಲೇಕರ್ ಅವರ ಸ್ಕೈಟ್ರೇನ್ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಒಯ್ದಿತು. 1978ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ದೇಶದೊಳಗಿನ ವಿಮಾನ ದರಗಳ ಮೇಲಿನ ಹಿಡಿತವನ್ನು ಕಾನೂನಿನ ಮೂಲಕವೇ ಬಿಟ್ಟುಕೊಟ್ಟಿತು. ಆಗ ಒಂದು ಹೊಸ ಅಸಮಾಧಾನ ತಲೆಯೆತ್ತಿತು. ಕಂಪನಿಯ ಕೆಲಸಕ್ಕಾಗಿ ಪೂರ್ತಿ ದರ ತೆತ್ತು ಹೊರಟವನು, ಅದರ ಅರ್ಧವನ್ನೂ ಕೊಡದೆ ರಜೆಗೆ ಹೊರಟವನ ಪಕ್ಕದಲ್ಲೇ ಅದೇ ಸೀಟಿನಲ್ಲಿ ಕೂರಬೇಕಾಯಿತು. ಕೆಎಲ್‌ಎಂ 1976ರಲ್ಲೇ ಪೂರ್ತಿ ದರದವರನ್ನು ಎಕಾನಮಿಯ ಮುಂಭಾಗದಲ್ಲಿ ಕೂರಿಸಲು ಶುರು ಮಾಡಿತ್ತು. 1978ರಲ್ಲಿ ಪ್ಯಾನ್ ಆಮ್ ಕ್ಲಿಪ್ಪರ್ ಕ್ಲಾಸ್ ಎಂದು ಬೇರೆ ವಿಭಾಗ ಮಾಡಿತು, 1979ರಲ್ಲಿ ಕ್ವಾಂಟಸ್ ಬಿಸಿನೆಸ್ ಕ್ಲಾಸ್ ಎಂಬ ಹೆಸರನ್ನೇ ಇಟ್ಟಿತು. ಅಂದರೆ ಇಂದು ಮಲಗಿ ಹೋಗುವ ಹಾಸಿಗೆಯೆಂದು ನಾವು ತಿಳಿದಿರುವ ಬಿಸಿನೆಸ್ ಕ್ಲಾಸ್ ಹುಟ್ಟಿದ್ದು ಪ್ರೀಮಿಯಂ ಎಕಾನಮಿಯಾಗಿಯೇ: ಒಂದು ಪರದೆ, ಸ್ವಲ್ಪ ಶಾಂತಿ, ಪುಕ್ಕಟೆ ಪಾನೀಯ.

ಹುಟ್ಟಿದ ಜಾಗದಲ್ಲೇ ಅದು ಉಳಿದಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. ಪೈಪೋಟಿ ಅದನ್ನು ಮೇಲಕ್ಕೆಳೆಯಿತು. 1980ರ ದಶಕದಲ್ಲಿ ಸೀಟು ಅಗಲವಾಯಿತು, ಕಾಲಿಗೆ ಆಸರೆ ಬಂತು. 1992ರಲ್ಲಿ ಅಮೆರಿಕದ ಕಾಂಟಿನೆಂಟಲ್ ತನ್ನ ಮೊದಲ ದರ್ಜೆಯನ್ನೇ ಕೈಬಿಟ್ಟು, ಅದನ್ನೂ ಬಿಸಿನೆಸ್ ಕ್ಲಾಸನ್ನೂ ಬಿಸಿನೆಸ್‌ಫರ್ಸ್ಟ್ ಎಂದು ಒಂದುಗೂಡಿಸಿತು. ಅದೇ 1992ರಲ್ಲಿ ವರ್ಜಿನ್ ಅಟ್ಲಾಂಟಿಕ್ ಮಿಡ್ ಕ್ಲಾಸ್ ಎಂಬ ದರ್ಜೆ ತೆರೆಯಿತು. ತೈವಾನಿನ ಇವಾ ಏರ್ ಕೂಡ ಆ ಹೊತ್ತಿಗೆ ಇಂಥದ್ದನ್ನೇ ತಂದಿತ್ತು. ಯಾರು ಮೊದಲು ಎಂಬ ಪೈಪೋಟಿ ಅವರವರದು. ವರ್ಷ ಕೂಡಿಬಂದದ್ದು ಬರೀ ಆಕಸ್ಮಿಕ ಎನ್ನುವವರಿಗೆ 2000ನೇ ಇಸವಿಯನ್ನು ತೋರಿಸಬಹುದು. ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಹಾಕಿದ್ದೂ ವರ್ಲ್ಡ್ ಟ್ರಾವೆಲರ್ ಪ್ಲಸ್ ಹೆಸರಿನಲ್ಲಿ ಪ್ರೀಮಿಯಂ ಎಕಾನಮಿ ಶುರು ಮಾಡಿದ್ದೂ ಆ ಒಂದೇ ವರ್ಷದಲ್ಲಿ. ಮೇಲಿನದು ಏರಿದಾಗ ಕೆಳಗೆ ಬಿಟ್ಟುಹೋದ ಜಾಗಕ್ಕೆ ಹೊಸದನ್ನು ತಂದು ಕೂರಿಸಿದರು. ಆಮೇಲೆ ಕ್ವಾಂಟಸ್ 2008ರಲ್ಲಿ, ಕ್ಯಾಥೆ ಪೆಸಿಫಿಕ್ 2012ರಲ್ಲಿ, ಲುಫ್ತಾನ್ಸಾ 2014ರಲ್ಲಿ, ಸಿಂಗಪುರ ಏರ್‌ಲೈನ್ಸ್ 2015ರಲ್ಲಿ ಹಿಂಬಾಲಿಸಿದವು. ಭಾರತದಲ್ಲಿ 2015ರಲ್ಲಿ ವಿಸ್ತಾರ ಅದನ್ನು ಮೊದಲು ತಂದಿತು.

ಮೇಲಿನ ತುದಿ ಏರಿದ್ದು ಕಥೆಯ ಅರ್ಧ ಮಾತ್ರ. ಕೆಳಗಿನ ತುದಿ ಇಳಿದದ್ದನ್ನು ಲೆಕ್ಕ ಹಾಕಿಯೇ ನೋಡಬೇಕು. ಬೋಯಿಂಗ್ 777 ವಿಮಾನದ ಪ್ರೀಮಿಯಂ ಎಕಾನಮಿಯಲ್ಲಿ ಸಾಮಾನ್ಯವಾಗಿ ಸಾಲಿಗೆ ಎಂಟು ಸೀಟು, ಸಾಲುಗಳ ಅಂತರ 38 ಇಂಚು. 1990ರ ದಶಕದಲ್ಲಿ ಈ ವಿಮಾನ ಬಂದಾಗ ಹೆಚ್ಚಿನ ಕಂಪನಿಗಳು ಎಕಾನಮಿಯಲ್ಲಿ ಒಂಬತ್ತು ಸೀಟು ಹಾಕುತ್ತಿದ್ದವು. ಅಂತರ 32 ಇಂಚು ಎಂದುಕೊಳ್ಳೋಣ. ಆ ಎಕಾನಮಿಗೆ ಹೋಲಿಸಿದರೆ 38 ಇಂಚಿನ ಸೀಟಿಗೆ ಸಿಗುವ ನೆಲ ಸುಮಾರು ಶೇ. 34ರಷ್ಟು ಹೆಚ್ಚು. ಈಗ ಅದೇ ವಿಮಾನದಲ್ಲಿ ಹತ್ತು ಸೀಟು, 31 ಇಂಚು ಎನ್ನುವುದು ರೂಢಿಯಾಗಿದೆ. ಹೋಲಿಸಿ ನೋಡಿದರೆ ಅದೇ ಪ್ರೀಮಿಯಂ ಸೀಟಿನ ಹೆಚ್ಚುಗಾರಿಕೆ ಶೇ. 53ಕ್ಕೆ ಏರುತ್ತದೆ. ಆ ಸೀಟಿಗೆ ಯಾರೂ ಒಂದು ಅಂಗುಲವನ್ನೂ ಸೇರಿಸಿಲ್ಲ. ಬೆಳೆದದ್ದು ಅದರ ಆಕರ್ಷಣೆ ಮಾತ್ರ, ಅದೂ ಹಿಂದಿನ ಸಾಲಿನವರ ಭುಜಗಳು ಒಂದಕ್ಕೊಂದು ತಾಗತೊಡಗಿದ್ದರಿಂದ. ಬೋಯಿಂಗ್ 787ರದ್ದೂ ಇದೇ ಕಥೆ. ಸಾಲಿಗೆ ಎಂಟು ಸೀಟಿನ ಲೆಕ್ಕದಲ್ಲಿ ಯೋಚಿಸಿದ ಆ ವಿಮಾನದಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂಬತ್ತು ಕೂರಿಸಿದರು. ಜಪಾನ್ ಏರ್‌ಲೈನ್ಸ್ ಮಾತ್ರ ತನ್ನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಎಂಟನ್ನೇ ಉಳಿಸಿಕೊಂಡಿತು. ಇದಕ್ಕಾಗಿ ಆ ಕಂಪನಿಯನ್ನು ಮೆಚ್ಚಬೇಕು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. 1952ರ ಆ 486 ಡಾಲರ್ ಇಂದಿನ ಲೆಕ್ಕದಲ್ಲಿ 5,000 ಡಾಲರಿಗೂ ಹೆಚ್ಚಾಗುತ್ತದೆ. ಆ ದುಡ್ಡಿಗೆ ಇಂದು ಬಿಸಿನೆಸ್ ಕ್ಲಾಸಿನಲ್ಲೇ ಹೋಗಿಬರಬಹುದು. ಸೀಟು ಚಿಕ್ಕದಾದದ್ದರಿಂದಲೇ ಮಂಡ್ಯದ, ಹಾಸನದ ಸಾಮಾನ್ಯ ಕುಟುಂಬಗಳೂ ಸಮುದ್ರ ದಾಟುವಂತಾಯಿತು, ಅದನ್ನು ಹಳಿಯುವುದು ಸರಿಯಲ್ಲ ಎನ್ನಬಹುದು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಅಗ್ಗದ ಹಾರಾಟ ಇಪ್ಪತ್ತನೇ ಶತಮಾನದ ದೊಡ್ಡ ಕೊಡುಗೆಗಳಲ್ಲಿ ಒಂದು. ಆದರೆ ದರ ಇಳಿದದ್ದಕ್ಕೆಲ್ಲ ಸೀಟಿನ ಇಕ್ಕಟ್ಟೇ ಕಾರಣವಲ್ಲ. ಜೆಟ್ ಎಂಜಿನ್ನು, ದೊಡ್ಡ ವಿಮಾನ, ಕಡಿಮೆ ಇಂಧನ, ದರದ ಪೈಪೋಟಿ, ಖಾಲಿ ಹಾರದಂತೆ ತುಂಬಿಸುವ ಲೆಕ್ಕಾಚಾರ ಇವೆಲ್ಲ ಸೇರಿ ದರ ಇಳಿದಿದೆ. 747 ಬಂದಾಗ ಸಾಲಿಗೆ ಒಂಬತ್ತೇ ಸೀಟಿದ್ದರೂ ಪ್ರತಿ ಪ್ರಯಾಣಿಕನ ಖರ್ಚು ಹಿಂದಿನ ವಿಮಾನಗಳಿಗಿಂತ ಕಡಿಮೆ ಎಂದೇ ಅದನ್ನು ಕೊಂಡಿದ್ದರು.

ಇನ್ನೊಂದು ಆಕ್ಷೇಪ ಇನ್ನೂ ಕಠಿಣ. ಪ್ರಯಾಣಿಕರಿಗೆ ಜಾಗ ಬೇಕಾಗಿಲ್ಲ, ಅಗ್ಗದ ಟಿಕೆಟ್ಟು ಸಾಕು ಎಂಬುದು ಪ್ರಯೋಗದಿಂದಲೇ ಸಾಬೀತಾಗಿದೆ ಎನ್ನುತ್ತಾರೆ. 2000ದಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಕಾನಮಿಯಿಂದ ಕೆಲವು ಸಾಲುಗಳನ್ನು ಕಿತ್ತುಹಾಕಿ ಎಲ್ಲರ ಕಾಲಿಗೂ ಹೆಚ್ಚು ಜಾಗ ಕೊಟ್ಟಿತು. ಜನ ಅದಕ್ಕೆ ಹೆಚ್ಚು ದುಡ್ಡು ಕೊಡಲಿಲ್ಲ. ಐದು ವರ್ಷ ಕಳೆಯುವುದರೊಳಗೆ ಸಾಲುಗಳು ವಾಪಸು ಬಂದವು. ಮಿಡ್‌ಲ್ಯಾಂಡ್ ರೈಲ್ವೆ ಮಾಡಿದ್ದು ವಿಮಾನದಲ್ಲಿ ಸೋತಿತು. ಆದರೆ ಇದರ ಜತೆಯಲ್ಲೇ ಓದಬೇಕಾದ ಇನ್ನೊಂದು ಪ್ರಯೋಗವಿದೆ. 1999ರಲ್ಲಿ ಯುನೈಟೆಡ್ ಎಕಾನಮಿಯ ಮುಂದಿನ ಕೆಲವು ಸಾಲುಗಳಿಗೆ ಮಾತ್ರ ಹೆಚ್ಚು ಜಾಗ ಬಿಟ್ಟು ಎಕಾನಮಿ ಪ್ಲಸ್ ಎಂದು ಹೆಸರಿಟ್ಟಿತು. ಅದು ಇಂದಿಗೂ ನಡೆಯುತ್ತಿದೆ, ಅದಕ್ಕೆ ಜನ ದುಡ್ಡನ್ನೂ ಕೊಡುತ್ತಿದ್ದಾರೆ. ಅದೇ ದೇಶ, ಅದೇ ಕಾಲ, ಹೆಚ್ಚುಕಡಿಮೆ ಅದೇ ಪ್ರಯಾಣಿಕರು. ಜನರಿಗೆ ಜಾಗ ಬೇಕಿರಲಿಲ್ಲ ಎಂದು ಇದರಿಂದ ಹೇಳಲಾಗದು. ಟಿಕೆಟ್ಟು ಹುಡುಕುವಾಗ ದರ ಕಣ್ಣಿಗೆ ಕಾಣುತ್ತದೆ, ಮಂಡಿಯ ಮುಂದಿನ ಮೂರು ಇಂಚು ಕಾಣುವುದಿಲ್ಲ. ಎಲ್ಲರಿಗೂ ಕೊಟ್ಟ ಸುಖಕ್ಕೆ ಬೆಲೆಚೀಟಿ ಅಂಟಿಸಲಾಗದು. ಬೇಲಿ ಹಾಕಿದ ಸುಖಕ್ಕೆ ಅಂಟಿಸಬಹುದು. ರೈಲಿನವನು ನಿಲ್ದಾಣದಲ್ಲಿ ಬೋಗಿಯೊಳಗೆ ಇಣುಕಿ ಮೆತ್ತೆಯನ್ನು ನೋಡುತ್ತಿದ್ದ, ವಿಮಾನದವನಿಗೆ ಆ ಅವಕಾಶವಿಲ್ಲ. ಸೀಟಿನ ಕನಿಷ್ಠ ಅಳತೆಯನ್ನು ಸರ್ಕಾರವೇ ನಿಗದಿ ಮಾಡಲಿ ಎಂಬ ಕೂಗು ಎದ್ದದ್ದು ಇದಕ್ಕೇ. 2017ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಸಾಲುಗಳ ಸರಾಸರಿ ಅಂತರ 35 ಇಂಚಿನಿಂದ 31ಕ್ಕೆ, ಕೆಲವೆಡೆ 28ಕ್ಕೆ ಇಳಿದಿರುವುದನ್ನು ಎತ್ತಿಹೇಳಿ, ಸುರಕ್ಷತೆಯ ದೃಷ್ಟಿಯಿಂದ ಮತ್ತೆ ಪರಿಶೀಲಿಸಿ ಎಂದು ವಿಮಾನಯಾನ ಇಲಾಖೆಗೆ ಹೇಳಿತು. ಮರುವರ್ಷ ಅಲ್ಲಿನ ಸಂಸತ್ತು ಅಳತೆ ಗೊತ್ತುಮಾಡಲು ಕಾನೂನನ್ನೂ ಮಾಡಿತು.

ಈ ಚರಿತ್ರೆ ಗೊತ್ತಿದ್ದವರು ಸೀಟು ಆರಿಸುವ ಕ್ರಮವೇ ಬೇರೆಯಾಗುತ್ತದೆ. ದರ್ಜೆಯ ಹೆಸರನ್ನೋ ಕಂಪನಿಯ ಹೆಸರನ್ನೋ ಅವರು ಮೊದಲು ನೋಡುವುದಿಲ್ಲ. ಆ ಹಾರಾಟಕ್ಕೆ ಹಾಕಿರುವ ವಿಮಾನದ ಎಕಾನಮಿಯಲ್ಲಿ ಸಾಲಿಗೆ ಎಷ್ಟು ಸೀಟು ಎಂದು ನೋಡುತ್ತಾರೆ. ಸಾಲಿನ ಅಂತರದ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬಾರದು. ಅದು ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರ; ಬೆನ್ನಿನ ದಪ್ಪವೂ ಅದರಲ್ಲಿ ಸೇರಿರುತ್ತದೆ, ದಪ್ಪ ಬೆನ್ನಿನ ಸೀಟಾದರೆ ಮಂಡಿಗೆ ಉಳಿಯುವುದು ಕಡಿಮೆ. ಎದುರಿಗೆ ಅಡ್ಡಗೋಡೆಯಿರುವ ಮೊದಲ ಸಾಲು ಆಕರ್ಷಕವಾಗಿ ಕಾಣುತ್ತದೆ, ಮುಂದಿನವನು ಒರಗುವ ಕಾಟ ಅಲ್ಲಿಲ್ಲ. ಆದರೆ ಅಲ್ಲಿ ಊಟದ ಟ್ರೇಯನ್ನು ಆರ್ಮ್‌ರೆಸ್ಟಿನೊಳಗೆ ಮಡಚಿಟ್ಟಿರುತ್ತಾರೆ. ಹಾಗಾಗಿ ಆರ್ಮ್‌ರೆಸ್ಟ್ ದಪ್ಪವಾಗಿ, ಮೇಲೆತ್ತಲು ಬಾರದೆ, ಕೂರುವ ಅಗಲವನ್ನು ತಿನ್ನುತ್ತದೆ. ಕಾಲನ್ನು ಮುಂದಿನ ಸೀಟಿನ ಕೆಳಗೆ ಚಾಚುವುದೂ ಆಗದು.

ಉದಾಹರಣೆಗೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ಹಾರಾಟ ಶುರು ಮಾಡಿತು. ಸುಮಾರು 14,000 ಕಿಲೋಮೀಟರ್, ಹದಿನಾರು ಹದಿನೇಳು ಗಂಟೆ. ಮಕ್ಕಳನ್ನು ನೋಡಲು ಹೊರಟ ಅರವತ್ತು ದಾಟಿದ ತಂದೆತಾಯಿಗಳು ಅದರಲ್ಲಿ ಬಹಳ ಇರುತ್ತಿದ್ದರು. 2023ರಲ್ಲಿ ಆ ಮಾರ್ಗಕ್ಕೆ ಪ್ರೀಮಿಯಂ ಎಕಾನಮಿ ಬಂದದ್ದು ಅಮೆರಿಕದ ಡೆಲ್ಟಾ ಬಳಸಿ ಬಿಟ್ಟಿದ್ದ 777 ವಿಮಾನಗಳ ಮೂಲಕ. ಡೆಲ್ಟಾ ತನ್ನ 777ಗಳಲ್ಲಿ ಎಕಾನಮಿಗೆ ಹತ್ತು ಸೀಟು ತುರುಕಿರಲಿಲ್ಲ, ಮೂರು ಮೂರರಂತೆ ಒಂಬತ್ತನ್ನೇ ಉಳಿಸಿತ್ತು. ಹಾಗಾಗಿ ಆ ವಿಮಾನದ ಎಕಾನಮಿ ಸೀಟು ಹದಿನೆಂಟೂವರೆ ಇಂಚಿನಷ್ಟು ಅಗಲವಿತ್ತು, ಪ್ರೀಮಿಯಂ ಸೀಟಿಗಿಂತ ಅಗಲದಲ್ಲಿ ಅಷ್ಟೇನೂ ಕಡಿಮೆಯಿರಲಿಲ್ಲ. ಅಲ್ಲಿ ಹೆಚ್ಚು ದರ ತೆತ್ತವರು ಮುಖ್ಯವಾಗಿ ಕೊಂಡದ್ದು ಕಾಲಿನ ಜಾಗವನ್ನು ಮತ್ತು ಹೆಚ್ಚು ಒರಗುವ ಬೆನ್ನನ್ನು. ಎತ್ತರದವರಿಗೆ, ಮಂಡಿನೋವಿನವರಿಗೆ ಅದು ಕೊಡತಕ್ಕ ದುಡ್ಡೇ. ಕುಳ್ಳಗಿದ್ದು, ಪಕ್ಕದವರ ಭುಜ ತಾಗದಿದ್ದರೆ ಸಾಕು ಎನ್ನುವವರಿಗೆ ಎಕಾನಮಿಯೇ ಸಾಕಿತ್ತು. ಸಾಲಿಗೆ ಹತ್ತು ಸೀಟಿನ 777ರಲ್ಲಾದರೆ ಅಷ್ಟೇ ದೂರಕ್ಕೆ ಈ ಸಲಹೆ ತಿರುಗುಮುರುಗಾಗುತ್ತದೆ: ಅಲ್ಲಿ 17 ಇಂಚಿನ ಸೀಟಿನಲ್ಲಿ ಕುಳ್ಳಗಿದ್ದವರೂ ಮುದುಡಿಯೇ ಕೂರಬೇಕು.